ನಂಜೇಗೌಡನ ಐದನೇ ಫೌಲ್

ನಂಜೇಗೌಡ ಕೈ ಎತ್ತಿದ್ದಕ್ಕೇ ನಮ್ಮ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್ ಸೋತದ್ದು ಅಂತ ತುಮಕೂರಿನಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಅವರಲ್ಲಿ ಎರಡು ಪಂಗಡ. ಒಂದು ಅವನನ್ನು ಪೆದ್ದ ಅನ್ನುತ್ತದೆ, ಇನ್ನೊಂದು ಸತ್ಯವಂತ ಅನ್ನುತ್ತದೆ. ನಾನು ಎರಡನ್ನೂ ಒಪ್ಪುವುದಿಲ್ಲ. ಆ ಫೌಲ್ ಅವನದಾಗಿರಲೇ ಇಲ್ಲ.

ನಂಜ ಕುಣಿಗಲ್ ಹತ್ತಿರದ ಮಾರ್ಕೋನಹಳ್ಳಿ ಕಡೆಯವನು. ಹಾಸ್ಟೆಲಿನ ಬಾಗಿಲುಗಳಿಗೆಲ್ಲ ತಲೆ ಬಗ್ಗಿಸಿ ಬರುವಷ್ಟು ಉದ್ದ. ಆಗ ಆಟದಲ್ಲಿ ಒಂದು ಪದ್ಧತಿಯಿತ್ತು: ರೆಫರಿ ಸೀಟಿ ಊದಿದರೆ ಫೌಲ್ ಮಾಡಿದವನು ಕೈ ಎತ್ತಿ ಒಪ್ಪಿಕೊಳ್ಳಬೇಕು. ನಂಜನಿಗೆ ಅದು ಕೋರ್ಟಿನ ಆಚೆಗೂ ಅಂಟಿಕೊಂಡಿತ್ತು. ಟ್ಯೂಬ್‌ಲೈಟ್ ಒಡೆದವರು ಯಾರೆಂದು ವಾರ್ಡನ್ ಗದರಿದಾಗ ಎದ್ದದ್ದು ಅವನ ಕೈ. ಅದು ಒಡೆದ ಹೊತ್ತಿನಲ್ಲಿ ಅವನು ಕುಣಿಗಲ್ ಬಸ್ಸಿನಲ್ಲಿದ್ದ.

ಡಿಬೇಟಿನಲ್ಲಿ ಕಪ್ ಗೆಲ್ಲುವ ಹುಡುಗ ನಾನು, ಸುಮ್ಮನೆ ಬಿಡುತ್ತೇನೆಯೇ? ಮಾಡದ ತಪ್ಪನ್ನು ಒಪ್ಪಿಕೊಳ್ಳುವುದೂ ಸುಳ್ಳೇ ಅಂತ ಅರ್ಧ ಗಂಟೆ ವಾದಿಸಿದೆ. ಅವನು ಶೂ ಲೇಸ್ ಕಟ್ಟುತ್ತ, "ಯಾರಾದ್ರೂ ಒಬ್ರು ಎತ್ತಬೇಕಲ್ವೇನ್ಲಾ. ಇಲ್ದಿದ್ರೆ ಆಟ ನಿಂತೇ ಇರ್ತದೆ, ಬುಡು" ಅಂದ. ನಾನು ಬಾಯಿ ತೆರೆದರೆ ಕ್ಯಾಂಟೀನಿನಲ್ಲಿ ಎದ್ದುಹೋಗುವವರೇ ಎಲ್ಲ. ಇವನೊಬ್ಬ ಮಾತ್ರ ಪೂರ್ತಿ ಕೇಳಿ, ಕೊನೆಗೆ ಕೈ ಎತ್ತಿ ಸೋತುಬಿಡುತ್ತಿದ್ದ. ಸಂಜೆಯ ಪ್ರಾಕ್ಟೀಸಿಗೆ ನಾನೊಬ್ಬನೇ ಪ್ರೇಕ್ಷಕ. ಕೋರ್ಟಿನ ಪಕ್ಕದ ಕಲ್ಲುಚಪ್ಪಡಿ ನನ್ನ ಜಾಗ. ಆಟ ಬರದವನಿಗೆ ತಂಡವೆಂದರೆ ಅಷ್ಟೇ, ಒಂದು ಚಪ್ಪಡಿ.

ಫೈನಲ್ ಗುಬ್ಬಿ ಕಾಲೇಜಿನವರ ಮೇಲೆ, ನಮ್ಮ ಮಣ್ಣಿನ ಕೋರ್ಟಿನಲ್ಲೇ. ಯೂನಿವರ್ಸಿಟಿ ತಂಡಕ್ಕೆ ಆಟಗಾರರನ್ನು ಆರಿಸುವವರೂ ಬಂದಿದ್ದರು. ಗೆದ್ದರೆ ನಂಜನ ಜಾಗ ಖಾತ್ರಿ ಅಂತ ಎಲ್ಲರ ಮಾತು. ಅವತ್ತು ಚೆಂಡು ಸಿಕ್ಕಿದವರೆಲ್ಲ ಅದನ್ನು ಅವನ ಕಡೆಗೇ ಎಸೆಯುತ್ತಿದ್ದರು. ಬಿಡುವಿನಲ್ಲಿ ನಂಜ ನನ್ನ ಹತ್ತಿರ ಬಂದು ನೀರು ಕುಡಿದು, "ಒಂದ್ಸಲ ನಿನ್ನಂಗೆ ಸುಮ್ನೆ ಕೂತ್ಕಂಡು ನೋಡ್ಬೇಕು ಅನ್ಸ್ತದೆ ಕಣೋ" ಅಂದ. ತಮಾಷೆ ಅಂದುಕೊಂಡೆ.

ಕೊನೆಯ ನಿಮಿಷದಲ್ಲಿ ನಾವು ಒಂದು ಪಾಯಿಂಟ್ ಮುಂದಿದ್ದೆವು. ರಿಂಗಿನ ಕೆಳಗೆ ನೂಕಾಟ, ಸೀಟಿ. ಗುಬ್ಬಿ ಹುಡುಗನ ಮೊಣಕೈಗೆ ಹೊಡೆದದ್ದು ನಮ್ಮ ಸುರೇಶ. ಚಪ್ಪಡಿಯಿಂದ ನನಗೆ ಚೆನ್ನಾಗಿ ಕಂಡಿತ್ತು. ಯಾರದೆಂದು ರೆಫರಿ ನೋಡುವಷ್ಟರಲ್ಲಿ ತಲೆಗಳ ಮೇಲೆ ನಂಜನ ಕೈ ಎದ್ದಿತ್ತು. ಸುರೇಶನಿಗೆ ಅದು ಎರಡನೇ ಫೌಲ್ ಆಗುತ್ತಿತ್ತು, ಏನೂ ನಷ್ಟವಿರಲಿಲ್ಲ. ನಂಜನಿಗೆ ಐದನೆಯದು. ಐದಾದರೆ ಆಟಗಾರ ಹೊರಗೆ. ಅವನು ಬೆಂಚಿನ ಮೇಲೆ ಕೂತು ನೋಡಿದ. ಗುಬ್ಬಿಯವರು ಫೌಲಿಗೆ ಸಿಕ್ಕ ಎರಡೂ ಫ್ರೀ ಥ್ರೋ ಹಾಕಿ ಒಂದು ಪಾಯಿಂಟ್ ಮುಂದಾದರು. ನಮ್ಮ ಕೊನೆಯ ಚೆಂಡು ರಿಂಗಿಗೆ ಬಡಿದು ಆಚೆ ಬಿತ್ತು.

ಸುರೇಶ ಬಾಯಿ ಬಿಡಲಿಲ್ಲ. ತಂಡದವರು ನಂಜನನ್ನು ಕರೆಯದೆ ಹೋಟೆಲಿಗೆ ಹೋದರು. ನಾನು ಅವನ ಜೊತೆ ಬಸ್‌ಸ್ಟ್ಯಾಂಡಿನವರೆಗೆ ನಡೆದೆ. ಊರಿಗೆ ಹೋದವನು ಮತ್ತೆ ಕಾಲೇಜಿಗೆ ಬರಲಿಲ್ಲ. ಚಪ್ಪಡಿಯ ಮೇಲೆ ಇನ್ನೂ ಕೆಲವು ತಿಂಗಳು ಕೂತೆ. ಅಲ್ಲಿ ಯಾರಾದರೂ ಕೈ ಎತ್ತಿದರೆ ಅದು ಚೆಂಡು ಕೇಳುವುದಕ್ಕೆ ಮಾತ್ರ.

ಪೆದ್ದ ಅನ್ನುವವರನ್ನೂ ಸತ್ಯವಂತ ಅನ್ನುವವರನ್ನೂ ಆಮೇಲೆ ಎಷ್ಟೋ ಸಲ ವಾದದಲ್ಲಿ ಸೋಲಿಸಿದ್ದೇನೆ. ನನಗೆ ಬೇಕಾದ ಉತ್ತರ ಮಾತ್ರ ಅವತ್ತು ಅವನು ಹತ್ತಿದ ಕುಣಿಗಲ್ ಬಸ್ಸಿನಲ್ಲೇ ಹೋಯಿತು. ಬಸ್ ಹೊರಡುವಾಗ ಕಿಟಕಿಯ ಕೆಳಗೆ ನಿಂತು ಕೇಳಿದ್ದೆ. ಯಾರು ಏನು ಕೇಳಿದರೂ ಮೊದಲು ಏಳುತ್ತಿದ್ದ ಕೈ ಅವತ್ತು ಕಿಟಕಿಯ ಸರಳು ಹಿಡಿದುಕೊಂಡೇ ಇತ್ತು.

"ಐದನೇದು ಅಂತ ಗೊತ್ತಿತ್ತೇನ್ಲಾ, ನಂಜ?"