ಮೈಕ್ ಕೋದಂಡರಾಮಪ್ಪ ಮಾತು ಬಿಟ್ಟದ್ದು

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮುಳಬಾಗಿಲಿನಲ್ಲಿ ಮೈಕ್ ಕೋದಂಡರಾಮಪ್ಪನನ್ನು ಹೊಸದಾಗಿ ನೋಡಿದವರಿಗೆ ಅವನೊಬ್ಬ ಅರೆಮೂಗ ಎನ್ನಿಸುತ್ತಿತ್ತು. ಮದುವೆಯಿರಲಿ, ಸಭೆಯಿರಲಿ, ಬೆಳಿಗ್ಗೆಯೇ ಬಂದು ಕಂಬಕ್ಕೆ ಸ್ಪೀಕರಿನ ಹಾರ್ನ್ ಕಟ್ಟುವನು, ವೈರು ಎಳೆಯುವನು, ಮೈಕಿನ ತಲೆಗೆ ಬೆರಳಿನಿಂದ ತಟ್ಟಿ "ಹಲೋ, ಮೈಕ್ ಟೆಸ್ಟಿಂಗ್" ಎನ್ನುವನು. ಅಷ್ಟೇ. ಮೈಕನ್ನು ಯಾರ ಕೈಗಾದರೂ ತುರುಕಿ, ವೇದಿಕೆಯ ಹಿಂದೆ ಜನರೇಟರಿನ ಪಕ್ಕ ಹೋಗಿ ಕೂತನೆಂದರೆ, ಊಟಕ್ಕೆ ಕರೆದರೂ ತಲೆಯಾಡಿಸಿಯೇ ಮುಗಿಸುವನು. ಗಂಟಲಿಗೆ ರೋಗ ಬಂದಿದೆ ಎಂದು ಕೆಲವರು, ಆಗದವರು ಮಾಟ ಮಾಡಿಸಿದ್ದಾರೆ ಎಂದು ಕೆಲವರು. ತಿಮ್ಮಪ್ಪನಿಗೆ ಮಾತನ್ನೇ ಮುಡಿಪು ಕೊಟ್ಟನಂತೆ ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು. ಎಲ್ಲ ಸುಳ್ಳು. ಗಂಟಲು ಗಟ್ಟಿಯಾಗಿಯೇ ಇತ್ತು. ಅವನಿಗೆ ಬಂದದ್ದು ನಾಚಿಕೆ.

ಇದೇ ಮನುಷ್ಯ ಒಂದು ಕಾಲಕ್ಕೆ ಇಡೀ ತಾಲ್ಲೂಕಿಗೆ ಬಾಯಾಗಿದ್ದ. ಟೂರಿಂಗ್ ಟಾಕೀಸಿನ ಪ್ರಚಾರಕ್ಕೆ ಜಟಕಾದಲ್ಲಿ ಕೂತು ಕೂಗುತ್ತ ಶುರು ಮಾಡಿದವನು, ಆಮೇಲೆ ಸ್ವಂತ ಮೈಕ್‌ಸೆಟ್ ಕೊಂಡ, ಕರೆಂಟ್ ಕೈಕೊಟ್ಟಾಗ ಇರಲಿ ಎಂದು ಒಂದು ಹಳೇ ಪೆಟ್ರೋಲ್ ಜನರೇಟರನ್ನೂ ಕೊಂಡ. ಬೈಯುವಷ್ಟು ಹೊತ್ತು ಕನ್ನಡ, ನಗಿಸುವಾಗ ತೆಲುಗು. ಗಡಿಯ ಜನರ ನಾಡಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾವ ಪಕ್ಷದವರು ಕರೆದರೂ ಹೋಗುವನು, ಬಾಡಿಗೆ ಕೊಡದಿದ್ದರೂ ಮಾತಾಡುವನು. "ಇವರಿಗೆ ಮುದ್ದೆ ಇಲ್ದಿದ್ರೂ ನಡೀತದೆ, ಚಪ್ಪಾಳೆ ಇಲ್ದಿದ್ರೆ ನಿದ್ದೆ ಬರಲ್ಲ" ಎಂದು ಹೆಂಡತಿ ರಾಮಲಕ್ಷ್ಮಮ್ಮ ನೆರೆಮನೆಯವರಲ್ಲಿ ದೂರುತ್ತಿದ್ದಳು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ.

ಎಪ್ಪತ್ಮೂರರ ನವೆಂಬರ್. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಸಂಭ್ರಮಕ್ಕೆ ಮಿಠಾಯಿ ಹಂಚಿ ಕೈ ತೊಳೆಯುವಷ್ಟರಲ್ಲಿ ಪೆಟ್ರೋಲಿನ ರೇಟು ಎದ್ದು ಕೂತಿತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬೇರೆ ಮಾತೇ ಇಲ್ಲ. ಅರಬ್ಬರು ಎಣ್ಣೆ ನಿಲ್ಲಿಸಿದ್ದಾರೆ ಎಂದೊಬ್ಬ, ಸರ್ಕಾರದ ತೆರಿಗೆಯೇ ಮುಕ್ಕಾಲು ಪಾಲು ಎಂದು ರಿಟೈರಾದ ಮೇಷ್ಟ್ರು. ಪೆಟ್ರೋಲ್ ಬಂಕಿನ ಮುನಿಕೃಷ್ಣಪ್ಪ ಮಾತ್ರ ಎಲ್ಲರೆದುರೂ ಕೈಮುಗಿದು, "ನನ್ ಕಮಿಷನ್ ಅಷ್ಟೇ ಐತೆ ಕಣ್ರಪ್ಪಾ, ಕೇಳೋದಿದ್ರೆ ಕಂಪ್ನಿಯೋರನ್ನ ಕೇಳಿ" ಎನ್ನುತ್ತಿದ್ದ.

ಕೋದಂಡರಾಮಪ್ಪ ಆ ಕೊನೆಯ ಮಾತನ್ನು ಹಿಡಿದುಕೊಂಡ. ತೆರಿಗೆಯನ್ನು ಬೈದರೆ ಯಾರು ಚಪ್ಪಾಳೆ ತಟ್ಟುತ್ತಾರೆ? ಕಂಪನಿಯೆಂದರೆ ಬೇರೆ. ಹೊರದೇಶದವರದು, ಲಾಭ ಹಡಗಿನಲ್ಲಿ ಹೋಗುತ್ತದೆ, ಮುಖ ಯಾರೂ ನೋಡಿಲ್ಲ. "ಲಾಭಮು ವಾಳ್ಳಕಿ, ನಷ್ಟಮು ಮನಕಿ!" ಲಾಭ ಅವರಿಗೆ, ನಷ್ಟ ನಮಗೆ. ಈ ತೆಲುಗು ಘೋಷಣೆಯನ್ನು ಅವನು ಕಟ್ಟಿದ ಸಂಜೆಯೇ ಮಕ್ಕಳು ಬೀದಿಯಲ್ಲಿ ಕೂಗಿಕೊಂಡು ಓಡಾಡಿದರು.

ಊರಿನ ಮುಖಂಡರು ಸೇರಿ ಒಂದು ದಿನದ ಬಂದ್ ಎಂದು ಗೊತ್ತುಮಾಡಿದರು. ಬಸ್ಸಿಲ್ಲ, ಅಂಗಡಿಯಿಲ್ಲ, ಲಾರಿಗಳು ಆಂಧ್ರದ ಗಡಿಯ ನಂಗಲಿ ಚೆಕ್‌ಪೋಸ್ಟಿನಲ್ಲೇ ನಿಲ್ಲಬೇಕು, ಬಂಕಿಗೆ ಬೀಗ. ಕಾರಿಗೆ ಎತ್ತು ಕಟ್ಟಿ ತಾಲ್ಲೂಕು ಕಚೇರಿಯವರೆಗೆ ಎಳೆಸುವುದೆಂದು ಹೇಳಿದವನು ಕೋದಂಡರಾಮಪ್ಪನೇ. ಕಾರು ತಾಜ್ ಪಾಷಾನದು. ಊರಿನಲ್ಲಿ ಬಾಡಿಗೆಗಿದ್ದ ಒಂದೇ ಅಂಬಾಸಿಡರ್ ಅದು. ಕೋದಂಡರಾಮಪ್ಪನ ಹಾರ್ನುಗಳನ್ನು ಹೊತ್ತು ತಿರುಗುತ್ತಿದ್ದುದೂ ಅದೇ. ಎತ್ತುಗಳು ಕದಿರಪ್ಪನವು. ಊರಾಚೆ ಹಿಪ್ಪುನೇರಳೆ ತೋಟ ಮಾಡಿಕೊಂಡು ಹುಳು ಸಾಕುತ್ತಿದ್ದ ಕದಿರಪ್ಪನಿಗೆ ಕೋದಂಡರಾಮಪ್ಪನ ಭಾಷಣವೆಂದರೆ ಹಬ್ಬ.

ಎತ್ತು ಕೊಡುವ ಮೊದಲು ಅವನು ಒಂದೇ ಒಂದು ಮಾತು ಕೇಳಿದ. "ಮಗಳು ಗಂಗರತ್ನ ಬಾಣಂತನಕ್ಕೆ ಬಂದವಳೆ ಅಣ್ಣಾ, ದಿನ ತುಂಬೈತೆ. ಪಾಷಾ ಕಾರು ಊರಲ್ಲೇ ಇರ್ತದಲ್ಲ?"

"ಎಲ್ಲಿಗ್ಹೋಗ್ತದೆ ಕದಿರಪ್ಪಾ, ನಿನ್ನೆತ್ತು ಕಟ್ಕೊಂಡು ಇಲ್ಲೇ ಬಿದ್ದಿರ್ತದೆ!" ಎಂದ ಕೋದಂಡರಾಮಪ್ಪ. ಸುತ್ತಲಿದ್ದವರು ನಕ್ಕರು. ಕದಿರಪ್ಪನೂ ನಕ್ಕ.

ಬಂದ್ ದಿನ ಬೆಳಿಗ್ಗೆ ಇನ್ನೊಂದು ಯೋಚನೆ ಹೊಳೆಯಿತು. ಕಚೇರಿಯ ಮುಂದಿನ ಮೈದಾನಕ್ಕೆ ಕರೆಂಟ್ ಕೊಡುವುದಿಲ್ಲ ಎಂದು ಇಲಾಖೆಯವರು ಹೇಳಿಬಿಟ್ಟಿದ್ದರು, ಜನರೇಟರಿಗೆ ಪೆಟ್ರೋಲ್ ಬೇಕು, ಬಂಕಿಗೆ ಬೀಗ ಹಾಕಿಸಿದವನು ತಾನೇ. ಕೋದಂಡರಾಮಪ್ಪ ತನ್ನ ಮೈಕ್ ಅಂಗಡಿಯ ಹಿತ್ತಲಲ್ಲಿ ಪಾಷಾನ ಕಾರಿನ ಟ್ಯಾಂಕಿಗೆ ರಬ್ಬರ್ ಟ್ಯೂಬ್ ಇಳಿಬಿಟ್ಟು, ಬಾಯಲ್ಲಿ ಎಳೆದು, ಇದ್ದಬದ್ದ ಪೆಟ್ರೋಲನ್ನೆಲ್ಲ ಡಬ್ಬಕ್ಕೆ ತೆಗೆದ. ನೋಡಿದವನು ಪಾಷಾ ಒಬ್ಬನೇ.

"ಕೋದಂಡಣ್ಣಾ, ಕೋಲಾರದ ತನಕ ಹೋಗೋಕಾದ್ರೂ ಬಿಡಿ. ಯಾರಾದ್ರೂ ಕೂಗಿದ್ರೆ ಏನ್ ಮಾಡೋದು?"

"ಅರ್ಧ ಹಂಗೇ ಉಳಿತದೆ ಕಣೋ, ನಾನೇನು ಸಂಜೆ ತನಕ ಮಾತಾಡ್ತೀನಾ?"

ಮೆರವಣಿಗೆ ಅದ್ಭುತವಾಗಿ ನಡೆಯಿತು. ಮುಂದೆ ಬ್ಯಾನರ್, ಹಿಂದೆ ಎತ್ತು, ಅದರ ಹಿಂದೆ ಕಾರು. ಕಚೇರಿಯ ಮುಂದೆ ಕೋದಂಡರಾಮಪ್ಪ ಟ್ಯಾಂಕಿಗೆ ಒಂದು ಕಡ್ಡಿ ಅದ್ದಿ ಎತ್ತಿ ಹಿಡಿದ. ಒಣಗಿದ ಕಡ್ಡಿ. "ನೋಡ್ರಪ್ಪಾ, ಬಡ ಟ್ಯಾಕ್ಸಿಯವನ ಟ್ಯಾಂಕು! ಇದರೊಳಗಿದ್ದ ಎಣ್ಣೆ ಕುಡಿದವರು ಯಾರು?" ಜನ ಕಂಪನಿಯ ಹೆಸರು ಹಿಡಿದು ಕೂಗಿದರು. ಎಣ್ಣೆ ಕುಡಿಯುತ್ತಿದ್ದ ಜನರೇಟರು ವೇದಿಕೆಯ ಹಿಂದೆ ಗುಡುಗುಡು ಎನ್ನುತ್ತಲೇ ಇತ್ತು. ಪಾಷಾ ತಲೆ ತಗ್ಗಿಸಿದ.

ಅರ್ಧ ಉಳಿಸಬೇಕು ಎಂಬುದು ಕೋದಂಡರಾಮಪ್ಪನಿಗೆ ನೆನಪಿತ್ತು. ಇದನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಮರೆತಿದ್ದರೆ ಅವನ ಪಾಡು ಇಷ್ಟು ಕೆಡುತ್ತಿರಲಿಲ್ಲ. ನಿಲ್ಲಿಸೋಣ ಎಂದುಕೊಂಡಾಗಲೆಲ್ಲ ಚಪ್ಪಾಳೆ ಬೀಳುತ್ತಿತ್ತು, ಇನ್ನೊಂದು ಮಾತು ಬಾಯಿಗೆ ಬರುತ್ತಿತ್ತು, ಆ ಮಾತಿಗೆ ಮತ್ತೆ ಚಪ್ಪಾಳೆ. ಜನರೇಟರು ಕೆಮ್ಮಿ ನಿಂತುಹೋಗುವವರೆಗೂ ಅವನು ಮಾತಾಡಿದ. ಹಾರ್ನ್ ಬಾಯಿ ಮುಚ್ಚಿದ ಮೇಲೆ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ದೀಪ ಹಚ್ಚುವ ಹೊತ್ತಿಗೆ ಕದಿರಪ್ಪ ಓಡಿಬಂದ. ಮಗಳಿಗೆ ನೋವು ಬಂದಿತ್ತು, ಗಾಡಿಯಲ್ಲಿ ಊರಿನ ಆಸ್ಪತ್ರೆಗೆ ತಂದಿದ್ದರು. ಮಗು ಅಡ್ಡವಾಗಿದೆ, ಇಲ್ಲಿ ಆಗುವುದಿಲ್ಲ, ತಡಮಾಡದೆ ಕೋಲಾರಕ್ಕೆ ಕರೆದುಕೊಂಡು ಹೋಗಿ ಎಂದಿದ್ದರು.

"ಪಾಷಾ, ಕಾರ್ ತೆಗಿಯಪ್ಪಾ!"

ಪಾಷಾ ಕೋದಂಡರಾಮಪ್ಪನ ಮುಖ ನೋಡಿದ. ಕೋದಂಡರಾಮಪ್ಪ ನೆಲ ನೋಡಿದ.

"ಪೆಟ್ರೋಲ್ ಇಲ್ಲ ಕದಿರಪ್ಪಣ್ಣಾ" ಎಂದ ಪಾಷಾ. ಯಾಕಿಲ್ಲ ಎಂದು ಹೇಳಲಿಲ್ಲ. ಹೇಳುತ್ತ ನಿಲ್ಲುವ ಹೊತ್ತೂ ಅದಾಗಿರಲಿಲ್ಲ.

ಬಂಕಿಗೆ ಓಡಿದರು. ಮುನಿಕೃಷ್ಣಪ್ಪ ಗಲಾಟೆಗೆ ಹೆದರಿ ಬೀಗದ ಕೈ ಸಮೇತ ಶ್ರೀನಿವಾಸಪುರದ ನೆಂಟರ ಮನೆಗೆ ಹೋಗಿದ್ದ. ರಸ್ತೆಯಲ್ಲಿ ಒಂದು ಲಾರಿಯೂ ಇರಲಿಲ್ಲ. ಬಂದ್ ಅಷ್ಟು ಚೆನ್ನಾಗಿ ಯಶಸ್ವಿಯಾಗಿತ್ತು. ಗಾಡಿಯಲ್ಲಿ ಹೋದರೆ ಕುಲುಕುತ್ತದೆ, ಕಾರಿನ ಸೀಟಿನಲ್ಲೇ ಮಲಗಲಿ ಎಂದು ಪಾಷಾ ಹೇಳಿದ. ಹಾಗೆ, ಬೆಳಿಗ್ಗೆ ನಗುತ್ತ ಕಟ್ಟಿದ ಎತ್ತುಗಳನ್ನೇ ಅದೇ ಹಗ್ಗದಲ್ಲಿ ಅದೇ ಕಾರಿಗೆ ಮತ್ತೆ ಕಟ್ಟಿದರು.

ಪಾಷಾ ಸ್ಟೀರಿಂಗ್ ಹಿಡಿದ, ಕದಿರಪ್ಪ ಎತ್ತು ಹೊಡೆದ, ಕೋದಂಡರಾಮಪ್ಪ ಕಾರಿನ ಹಿಂಬದಿಗೆ ಹೆಗಲು ಕೊಟ್ಟು ತಳ್ಳಿದ. ಯಾರೂ ಘೋಷಣೆ ಕೂಗಲಿಲ್ಲ. ಊರು ದಾಟಿದ ಮೇಲೆ ಗಂಗರತ್ನಮ್ಮ ನರಳುವುದನ್ನು ನಿಲ್ಲಿಸಿ ಕೇಳಿದಳು: "ಅಪ್ಪಾ, ಕಾರಿಗೆ ಯಾಕೆ ಎತ್ತು ಕಟ್ಟಿದೀಯ?"

"ಪೆಟ್ರೋಲ್ ಸಿಗ್ತಿಲ್ಲ ಕಣಮ್ಮಾ. ಆ ಕಂಪ್ನಿಯೋರ ಮನೆ ಹಾಳಾಗ, ಬಡವರಿಗೆ ಸಿಗದಂಗೆ ಮಾಡವ್ರೆ" ಎಂದ ಕದಿರಪ್ಪ.

ಹೆಗಲು ಕೊಟ್ಟಿದ್ದವನಿಗೆ ಆ ಮಾತು ಕೇಳಿಸಿತು. ಅದು ಅವನದೇ ಮಾತು.

ವಡ್ಡಹಳ್ಳಿಯ ಹತ್ತಿರ ಎದುರಿಗೆ ಬಂದ ಸರ್ಕಾರಿ ಜೀಪಿನವರು ಅವಳನ್ನು ಹತ್ತಿಸಿಕೊಂಡು ಕೋಲಾರಕ್ಕೆ ತಿರುಗಿಸಿದರು. ತಾಯಿ ಉಳಿದಳು. ಮಗು ಉಳಿಯಲಿಲ್ಲ. ಸ್ವಲ್ಪ ಮುಂಚೆ ತಂದಿದ್ದರೆ ಎಂದು ಆಸ್ಪತ್ರೆಯಲ್ಲಿ ಅಂದರು.

ಅಷ್ಟಕ್ಕೇ ನಿಂತಿದ್ದರೆ ಅದನ್ನು ತಪ್ಪು ಎನ್ನಬಹುದಿತ್ತು. ಆದರೆ ಕೆಲವು ವಾರದ ಮೇಲೆ ಕೋಲಾರದಲ್ಲಿ ಜಿಲ್ಲೆಯವರೆಲ್ಲ ಸೇರಿ ದೊಡ್ಡ ಸಭೆ ಇಟ್ಟರು. ಮಾಲೂರು, ಟೇಕಲ್, ವೇಮಗಲ್ ಕಡೆಯಿಂದೆಲ್ಲ ಜನ ಬಂದಿದ್ದರು. ಮುಖಂಡರು ಕೋದಂಡರಾಮಪ್ಪನ ಕೈಗೆ ಮೈಕ್ ಕೊಟ್ಟು, ಆ ಮಗುವಿನ ವಿಷಯ ಹೇಳು ಎಂದರು. ಅವನು ಬೇಡವೆನ್ನಬೇಕೆಂದೇ ಎದ್ದು ನಿಂತ. ಎದುರಿಗೆ ತಲೆಯೋ ತಲೆ. ಬಾಯಿ ತಾನಾಗಿ ತೆರೆದುಕೊಂಡಿತು. ಕಂಪನಿಯ ಲಾಭ, ಬಡವನ ಒಣ ಟ್ಯಾಂಕು, ಕಾರಿಗೆ ಕಟ್ಟಿದ ಎತ್ತು, ಕಣ್ಣು ಬಿಡದ ಕೂಸು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೊನೆಗೆ ಕದಿರಪ್ಪನನ್ನು ವೇದಿಕೆಗೆ ಕರೆದರು. ಅವನು ಅಳುತ್ತ ಕೋದಂಡರಾಮಪ್ಪನ ಕೈಯನ್ನು ಕಣ್ಣಿಗೊತ್ತಿಕೊಂಡ. ಅಂಥ ಚಪ್ಪಾಳೆ ಆ ಮೈದಾನದಲ್ಲಿ ಯಾರಿಗೂ ಬಿದ್ದಿರಲಿಲ್ಲ.

ಮುಳಬಾಗಿಲಿಗೆ ವಾಪಸು ಕರೆತಂದವನು ಪಾಷಾ. ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಮೇಲೆ ಕಟ್ಟಿದ್ದ ಹಾರ್ನುಗಳನ್ನು ತಾನೇ ಬಿಚ್ಚಿ ಮೆಟ್ಟಿಲ ಮೇಲಿಟ್ಟ. "ಅಣ್ಣಾ, ಇನ್ಮೇಲೆ ನಿಮ್ ಮೈಕಿಗೆ ನನ್ ಕಾರ್ ಬರಲ್ಲ" ಎಂದು ಹೇಳಿ ಹೋದ.

ಮನೆಯಲ್ಲಿ ರಾಮಲಕ್ಷ್ಮಮ್ಮ ತಟ್ಟೆಯಿಟ್ಟು, "ತುಂಬಾ ಚೆನ್ನಾಗಿ ಮಾತಾಡಿದ್ರಂತೆ?" ಎಂದಳು. ಅವನು ತಟ್ಟೆ ಸರಿಸಿ ಎದ್ದ. ಅಂದಿನಿಂದ ಬಾಯಿ ತೆರೆದರೆ ತನ್ನ ದನಿ ತನಗೇ ಕೇಳಿಸಿ ಹೇಸಿಗೆಯಾಗುತ್ತಿತ್ತು. ಅದಕ್ಕೆ ಮಾತು ಬಿಟ್ಟ.

ಎಲ್ಲಕ್ಕಿಂತ ಕಷ್ಟ ಕದಿರಪ್ಪನನ್ನು ಎದುರಿಸುವುದು. ಅವನು ಬೈದಿದ್ದರೆ ಬದುಕಬಹುದಿತ್ತು. ಅವನು ಅವರೆಕಾಯಿ ಕಾಲಕ್ಕೆ ಸೊಗಡಿನ ಅವರೆ ತಂದು ಮನೆಯ ಮುಂದಿಡುವನು, ಹೊಸ ರಾಗಿ ಬಂದರೆ ಒಂದು ಮೂಟೆ ಕಳಿಸುವನು. "ನನ್ ಮಗಳಿಗೋಸ್ಕರ ಕಾರ್ ತಳ್ಳಿದ ಕೈ ಅಣ್ಣಾ ಇದು" ಎನ್ನುವನು. ಆ ರಾಗಿಯ ಮುದ್ದೆ ತಿನ್ನುವಾಗ ಕೋದಂಡರಾಮಪ್ಪ ಹೆಂಡತಿಗೆ ಬೆನ್ನು ಹಾಕಿ ಕೂರುತ್ತಿದ್ದ. ಬೀದಿಯಲ್ಲಿ ಕದಿರಪ್ಪ ಕಂಡರೆ ಸಂದಿಗೆ ತಿರುಗುತ್ತಿದ್ದ. ಹೇಳಿಬಿಡಬೇಕು ಎಂದು ಎಷ್ಟೋ ಸಲ ಅವನ ತೋಟದ ಬೇಲಿಯವರೆಗೂ ಹೋಗಿ, ಅಲ್ಲಿ ಮೊಮ್ಮಕ್ಕಳಿಗೆ ಹಿಪ್ಪುನೇರಳೆ ಹಣ್ಣು ಕಿತ್ತುಕೊಡುತ್ತಿದ್ದ ಗಂಗರತ್ನಮ್ಮನ ತಾಯಿಯನ್ನು ಕಂಡು ಹಿಂದಿರುಗಿದ್ದ.

ಎಂಬತ್ತೊಂದರಲ್ಲಿ ಪೆಟ್ರೋಲ್ ಮತ್ತೆ ಏರಿತು. ಅಷ್ಟು ಹೊತ್ತಿಗೆ ಕಂಪನಿಗಳು ಸರ್ಕಾರದ್ದಾಗಿದ್ದವು. ಬಯ್ಯಬೇಕಾದವರು ಬದಲಾಗಿದ್ದರು, ಬೈಗುಳ ಹಳೆಯದೇ ಸಾಕಾಯಿತು. ಹುಡುಗರ ಸಂಘವೊಂದು ಸಭೆಯಿಟ್ಟು, ಮೈಕ್‌ಸೆಟ್ಟು ಜನರೇಟರು ಎರಡೂ ಬೇಕೆಂದಿತು. ಕೋದಂಡರಾಮಪ್ಪ ಹಾರ್ನ್ ಕಟ್ಟಿ, ಜನರೇಟರು ಶುರು ಮಾಡಿ, ಹಿಂದೆ ಹೋಗಿ ಕೂತಿದ್ದ. ನೆರೆತ ತಲೆಯ ಕದಿರಪ್ಪ ಹುಡುಕಿಕೊಂಡು ಬಂದ.

"ಅಣ್ಣಾ, ಇವತ್ತು ನೀವೇ ಮಾತಾಡ್ಬೇಕು. ನಮ್ ಗಂಗರತ್ನನ ಮಗೀನ ಕಥೆ ಹೇಳಿ. ಈ ಹುಡುಗ್ರು ಹೇಳಿದ್ರೆ ಜನಕ್ಕೆ ತಾಗಲ್ಲ."

ಕೋದಂಡರಾಮಪ್ಪ ಅವನ ತೋಳು ಹಿಡಿದು ಕೂರಿಸಿಕೊಂಡ. ಜನರೇಟರಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ, ಅವನ ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಹೇಳಿದ. ರಬ್ಬರ್ ಟ್ಯೂಬು, ಡಬ್ಬ, ಒಣ ಕಡ್ಡಿ, ಪಾಷಾ ಬೇಡಿಕೊಂಡದ್ದು, ಅರ್ಧ ಉಳಿಸುತ್ತೇನೆಂದದ್ದು, ನಿಲ್ಲಿಸಲಾರದೆ ಮಾತಾಡಿದ್ದು. ಆ ಪೆಟ್ರೋಲನ್ನು ಸುಟ್ಟದ್ದು ಇದೇ ಜನರೇಟರು ಎಂದು ಬೆರಳು ತೋರಿಸಿದ.

ಕದಿರಪ್ಪ ಆ ಯಂತ್ರವನ್ನು ನೋಡಿದ. ತನ್ನನ್ನು ಹೊಡೆಯುತ್ತಾನೆ ಎಂದುಕೊಂಡ ಕೋದಂಡರಾಮಪ್ಪ. ಹೊಡೆದರೆ ಒಳ್ಳೆಯದೆಂದೂ ಅಂದುಕೊಂಡ. ಕದಿರಪ್ಪ ಎದ್ದು ಹೆಗಲ ಟವೆಲ್ ಕೊಡವಿದ. ಮಾತಾಡುವಾಗ ಅವನ ಬಾಯಲ್ಲಿ 'ಅಣ್ಣ' ಇರಲಿಲ್ಲ, 'ನೀವು' ಇರಲಿಲ್ಲ.

"ಸುಳ್ಳನ್ನ ಕೋಲಾರದಲ್ಲಿ ಮೈಕಲ್ಲಿ ಹೇಳ್ದೆ. ನಿಜಾನ ನನ್ ಕಿವೀಲಿ ಹೇಳ್ತೀಯಾ?"

ಅಷ್ಟು ಹೇಳಿ ಅವನು ಮುಂದೆ ಹೋಗಿ ಜನರ ನಡುವೆ ನೆಲದ ಮೇಲೆ ಕೂತ.

ಕೋದಂಡರಾಮಪ್ಪ ಮೆಟ್ಟಿಲು ಹತ್ತಿದ. ಮೈಕಿನ ತಲೆಗೆ ಬೆರಳಿನಿಂದ ತಟ್ಟಿ "ಹಲೋ, ಮೈಕ್ ಟೆಸ್ಟಿಂಗ್" ಎಂದ. ಸಂಘದ ಹುಡುಗ ಎಂದಿನಂತೆ ಕೈ ಚಾಚಿದ. ಕೋದಂಡರಾಮಪ್ಪ ಮೈಕ್ ಕೊಡಲಿಲ್ಲ. ರಸ್ತೆಯಂಚಿನಲ್ಲಿ ಕಾರಿಗೆ ಒರಗಿ ನಿಂತಿದ್ದ ಪಾಷಾ ನೆಟ್ಟಗೆ ನಿಂತ.

"ಎಪ್ಪತ್ಮೂರರ ಬಂದ್ ದಿನ ಪಾಷಾ ಕಾರಲ್ಲಿ ಪೆಟ್ರೋಲ್ ಇತ್ತು" ಎಂದ ಕೋದಂಡರಾಮಪ್ಪ. "ತೆಗೆದೋನು ನಾನು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ಮುಂದಕ್ಕೆ ಹೇಳಿದ.