ಬಲಕ್ಕೆ ಬಿಚ್ಚುವ ತಿರುಪು

ಅಮ್ಮನ ಮೂಗುಬೊಟ್ಟಿನ ತಿರುಪು ಯಾವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ ಎಂಬುದು ನಮ್ಮ ಮನೆಯಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು. ಅಪ್ಪನಿಗೆ, ಅಮ್ಮನಿಗೆ, ನನಗೆ. ಅದನ್ನು ಮಾಡಿಕೊಟ್ಟ ಗುಬ್ಬಿಯ ಅಕ್ಕಸಾಲಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರಂತೆ.

ನನಗೆ ಗೊತ್ತಾದದ್ದು ಎಪ್ಪತ್ತರ ದಶಕದಲ್ಲಿ, ತುಮಕೂರಿನ ಒಂದು ಆಸ್ಪತ್ರೆಯಲ್ಲಿ. ಆಗ ನನಗೆ ಹನ್ನೆರಡು ವರ್ಷ. ಅಮ್ಮ ನನ್ನ ತಮ್ಮನನ್ನು ಹೆರಲು ಸೇರಿದ್ದಳು. ಎರಡು ದಿನ ನೋವು ತಿಂದರೂ ಮಗು ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಡಾಕ್ಟರು, ಆಪರೇಷನ್ ಮಾಡಿಯೇ ತೆಗೆಯಬೇಕು ಎಂದರು. ಸಿಸ್ಟರ್ ಒಬ್ಬರು ಬಂದು, "ಮೈಮೇಲೆ ಒಡವೆ ಅನ್ನೋದು ಏನೂ ಇರಕೂಡದು, ಬೇಗ ಬೇಗ ಬಿಚ್ಕೊಡಿ" ಅಂದರು.

ಬಳೆ ಬಂದವು. ಊದಿಕೊಂಡ ಬೆರಳಿಗೆ ಸೋಪು ಹಚ್ಚಿ ಎಳೆದ ಮೇಲೆ ಕಾಲುಂಗುರಗಳೂ ಬಂದವು. ತಾಳಿ ತೆಗೆಯುವ ಮೊದಲು ಅಪ್ಪನ ಅಕ್ಕ, ಅಂದರೆ ನಮ್ಮತ್ತೆ, ಅರಿಶಿನದ ಕೊಂಬು ಕಟ್ಟಿದ ದಾರವೊಂದನ್ನು ಅಮ್ಮನ ಮುಂಗೈಗೆ ಕಟ್ಟಿದಳು. ಗಂಡ ಇರುವಾಗ ಕೊರಳು ಬರಿದಾಗಬಾರದು, ಅದಕ್ಕೆ ಬದಲಿ ಇದು. ಸಿಸ್ಟರ್ ಕಂಡೂ ಕಾಣದಂತೆ ಇದ್ದುಬಿಟ್ಟರು.

ಉಳಿದದ್ದು ಮೂಗುಬೊಟ್ಟು. ಮದುವೆಯಲ್ಲಿ ಹಾಕಿದ ಮೇಲೆ ಅಮ್ಮ ಅದನ್ನು ಬಿಚ್ಚಿಯೇ ಇರಲಿಲ್ಲ. ಅತ್ತೆ ತಿರುಗಿಸಿದಳು, ಸಿಸ್ಟರ್ ತಿರುಗಿಸಿದರು, ಮೂಗು ಕೆಂಪಾಯಿತೇ ಹೊರತು ತಿರುಪು ಜಪ್ಪಯ್ಯ ಅನ್ನಲಿಲ್ಲ.

"ಮೂಗಿಗೆ ಮಾಸ್ಕ್ ಇಡ್ಬೇಕಮ್ಮ. ಬರ್ಲಿಲ್ಲ ಅಂದ್ರೆ ಕತ್ತರಿಸೋದೇಯ" ಅಂದರು ಸಿಸ್ಟರ್.

ಎರಡು ದಿನದ ಹೆರಿಗೆ ನೋವಿಗೆ ಹಲ್ಲು ಕಚ್ಚಿಕೊಂಡಿದ್ದ ನಮ್ಮಮ್ಮ, ಈ ಮಾತಿಗೆ ಅಳಲು ಶುರುಮಾಡಿದಳು. "ಕತ್ತರಿಸ್ಬೇಡಿ ಸಿಸ್ಟರ್. ಮದ್ವೆಗೆ ಮುಂಚೆ ಅವ್ರೇ ಆಚಾರ್ರ ಮುಂದೆ ಕೂತು ಮಾಡ್ಸಿದ್ದು ಅದು."

ಸಿಸ್ಟರ್ ಕತ್ತರಿಸುವುದನ್ನು ಹುಡುಕಿಕೊಂಡು ಹೋದರು. ಅತ್ತೆ ಕೊಬ್ಬರಿ ಎಣ್ಣೆಗೆಂದು ಓಡಿದಳು. ಅದೇ ಹೊತ್ತಿಗೆ ಅಪ್ಪ ಬಂದ. ಅವನು ಗುಬ್ಬಿಯಿಂದ ತುಮಕೂರಿಗೆ ಓಡುವ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಬಸ್ಸು ನಿಲ್ದಾಣದಲ್ಲಿ ನಿಂತಿರುವ ಅರ್ಧ ಗಂಟೆಯಲ್ಲಿ ಹೆಗಲ ಚೀಲದ ಸಮೇತ ಬಂದಿದ್ದ. ನಾನು ವಿಷಯ ಹೇಳಿದೆ. ಅವನು ಮಂಚದ ಅಂಚಿನಲ್ಲಿ ಕೂತು ಎರಡು ಕೈಯಿಂದ ಅಮ್ಮನ ಮುಖ ಹಿಡಿದ.

ಅಲ್ಲಿಯವರೆಗೆ ಅಪ್ಪ ಅಮ್ಮನನ್ನು ಮುಟ್ಟಿದ್ದನ್ನೇ ನಾನು ನೋಡಿರಲಿಲ್ಲ. ಒಂದು ಲೋಟ ನೀರು ಬೇಕಾದರೂ ನಡುವೆ ನಾನೇ ಆಗಬೇಕಿತ್ತು.

"ಎಲ್ರೂ ಎಡಕ್ಕೆ ತಿರುಗಿಸಿದ್ರೇನೇ? ಆ ಆಚಾರ್ರು ಎಡಗೈಯೋರು ಕಣೇ, ತಿರುಪನ್ನೂ ಉಲ್ಟಾ ಮಾಡವ್ರೆ. ಇದು ಬಲಕ್ಕೆ ಬಿಚ್ಚೋದು. ಮದ್ವೆ ದಿನವೇ ಹೇಳಿದ್ನಲ್ಲ."

"ಅವತ್ತು ನಿಮ್ಮ ಮುಖ ನೋಡೋಕೇ ನಾಚ್ಕೆ, ಮಾತೆಲ್ಲಿ ಕೇಳುಸ್ತು" ಎಂದಳು ಅಮ್ಮ, ಅಳುತ್ತಲೇ.

ಬಲಕ್ಕೆ ನಾಲ್ಕು ಸುತ್ತು ತಿರುಗಿಸಿದ, ಬಂತು. ಅಪ್ಪ ಅದನ್ನು ಬಸ್ ಟಿಕೆಟಿನಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಅತ್ತೆ ಏದುಸಿರು ಬಿಡುತ್ತ ಎಣ್ಣೆ ತಂದಾಗ, "ಬಂತು ಬುಡಕ್ಕ" ಎಂದನೇ ಹೊರತು ಹೇಗೆ ಬಂತೆಂದು ಹೇಳಲಿಲ್ಲ.

ತಮ್ಮ ಹುಟ್ಟಿದ. ಮೂಗಿನ ತೂತು ಮುಚ್ಚದಿರಲೆಂದು ಅಮ್ಮ ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು. ಹೊಲಿಗೆ ಬಿಚ್ಚಿದ ದಿನ ಅಪ್ಪನೇ ಬಂದು ಮೂಗುಬೊಟ್ಟು ಹಾಕಿ ಬಿಗಿ ಮಾಡಿದ. ಒಂದು ಸಲ ಬಿಗಿಯಾಯಿತು, ಆಮೇಲೂ ಅವನು ಬೇಕೆಂದೇ ತಡಮಾಡಿದ. ನಾನು ಕಿಟಕಿಯ ಕಡೆ ತಿರುಗಿ ನಿಂತುಕೊಂಡೆ.

ಎಂಬತ್ತರ ದಶಕದ ಮೊದಲಲ್ಲಿ ಅಪ್ಪ ಹೋಗಿಬಿಟ್ಟ. ಬಸ್ಸಿನಲ್ಲೇ ಎದೆ ನೋವು ಅಂದನಂತೆ, ಅಷ್ಟೇ. ಹನ್ನೊಂದನೆಯ ದಿನ ಹೆಂಗಸರು ಅಮ್ಮನ ಸುತ್ತ ಕೂತರು. ಹೆರುವಾಗಲೂ ಬಿಚ್ಚು, ಗಂಡ ಸತ್ತರೂ ಬಿಚ್ಚು, ಹಾಕಿಕೊಂಡವಳನ್ನು ಒಂದು ಮಾತು ಕೇಳುವವರಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಳೆ ಹೋದವು, ಕಾಲುಂಗುರ ಹೋದವು, ತಾಳಿ ಹೋಯಿತು. ಅತ್ತೆ ಮೂಗುಬೊಟ್ಟಿಗೆ ಕೈ ಹಾಕಿದಳು.

"ಆಸ್ಪತ್ರೇಲೂ ಹಿಂಗೇ ಸತಾಯಿಸ್ತು ಇದು. ಎಣ್ಣೆ ತತ್ತಾರೇ."

ಎಣ್ಣೆ ಬಿಟ್ಟಳು, ತಿರುಗಿಸಿದಳು. ಎಡಕ್ಕೆ. ತಿರುಗಿಸಿದಷ್ಟೂ ಅದು ಬಿಗಿಯಾಗುತ್ತಿತ್ತು. ಅಮ್ಮ ಒಂದೇ ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ತುಟಿ ಪಿಟಕ್ ಎನ್ನಲಿಲ್ಲ. ಇನ್ನೂ ಇಬ್ಬರು ಕೈ ನೋಡಿದರು. ಕೊನೆಗೆ ಅತ್ತೆಯೇ ಸೋತು, "ಇರ್ಲಿ ಬುಡ್ರೇ, ಇರೋಗಂಟ ಇರ್ಲಿ" ಎಂದು ಕೈ ಒರೆಸಿಕೊಂಡಳು.

ನನ್ನನ್ನು ಕುಣಿಗಲ್ಲಿಗೆ ಕೊಟ್ಟರು. ನನ್ನ ಮೊದಲ ಹೆರಿಗೆ ಅಲ್ಲಿಯ ಆಸ್ಪತ್ರೆಯಲ್ಲೇ, ಅಮ್ಮ ಜೊತೆಗಿದ್ದಳು. ನನಗೂ ಆಪರೇಷನ್ನೇ ಆಯಿತು. ಸಿಸ್ಟರ್ ಕೇಳಿದ ಕೂಡಲೇ ನನ್ನ ಮೂಗುಬೊಟ್ಟು ಎಲ್ಲರದರಂತೆ ಎಡಕ್ಕೆ ತಿರುಗಿ ಸಲೀಸಾಗಿ ಬಂತು. ಒಳಗೆ ಹೋಗುವಾಗ ಅಪ್ಪ ಇರಬೇಕಿತ್ತು ಅನಿಸಿತು.

ಮಾರನೆಯ ಮಧ್ಯಾಹ್ನ ಎಚ್ಚರವಾದಾಗ ಅಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ಒಂದು ಕೈ ಮೂಗಿನ ಮೇಲಿತ್ತು. ತಿರುಪನ್ನು ಬಲಕ್ಕೆ ಒಂದು ಸುತ್ತು ತಿರುಗಿಸಿದಳು. ಅದು ಸುಲಭವಾಗಿ ಸಡಿಲವಾಯಿತು. ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು.

"ಬಿಚ್ತಿದೀಯೇನಮ್ಮ?" ಎಂದೆ.

"ಇಲ್ಲ ಕಣೇ" ಎಂದಳು. "ಅವತ್ತು ಅವ್ರ ಬೆರಳು ಹಿಂಗೇ ಇತ್ತಲ್ಲ ಇಲ್ಲಿ, ಅದಕ್ಕೆ."

ಆಮೇಲೆ ಎಡಕ್ಕೆ ತಿರುಗಿಸಿ ಬಿಗಿ ಮಾಡಿಕೊಂಡು, ಮಗುವಿಗೆ ಹಾಲು ಕುಡಿಸು ಎಂದು ನನ್ನ ಪಕ್ಕಕ್ಕೆ ಮಲಗಿಸಿದಳು.