ಎಸೆಯದ ಚೆಂಡನ್ನು ತಡೆದವರು

ಚೆಂಡನ್ನು ಹೊಡೆದು ಕೆಡವಿದವನು ಇಪ್ಪತ್ತೊಂದನೇ ನಂಬರಿನ ಹುಡುಗ. ಇದನ್ನು ಕೋರ್ಟಿನಲ್ಲಿ ಬೇಕಾದರೂ ಹೇಳಲು ನಾನು ತಯಾರಿದ್ದೆ.

ಎರಡು ವಾರದ ಹಿಂದಿನ ಶನಿವಾರ. ನಮ್ಮ ಬೇ ಏರಿಯಾದ ಒಂದು ಕಾಲೇಜಿನ ಫುಟ್‌ಬಾಲ್ ಪಂದ್ಯ. (ಯಾವ ಕಾಲೇಜು ಎಂದು ಹೇಳುವುದಿಲ್ಲ. ಎದುರು ಕಾಲೇಜಿಗೆ ಮಕ್ಕಳನ್ನು ಕಳಿಸಿದವರೂ ಈ ಅಂಕಣ ಓದುತ್ತಾರೆ.) ಫುಟ್‌ಬಾಲ್ ಎಂದರೆ ಇಲ್ಲಿನದು, ಅಮೆರಿಕದ್ದು. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವುದು. ಟಿಕೆಟ್ ಕೊಡಿಸಿದವರು ಇಮ್ತಿಯಾಜ್. ಒಂದು ಕಾಲದಲ್ಲಿ ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವರು. ಅವರ ಮಗಳು ಸನಾ ಅದೇ ಕಾಲೇಜಿನಲ್ಲಿ ಓದುತ್ತಾಳೆ. ಇಮ್ತಿಯಾಜ್ ಡ್ಯಾನ್‌ವಿಲ್‌ಗೆ ಬಂದು ಇಪ್ಪತ್ತು ವರ್ಷವಾಯಿತು. ಅವರ ಮಾತು ಮಾತ್ರ ಇನ್ನೂ ಹುಬ್ಬಳ್ಳಿ ಬಿಟ್ಟು ಹೊರಟಿಲ್ಲ.

ಪಂದ್ಯದ ಮೂರನೇ ಭಾಗದಲ್ಲಿ ಎದುರಾಳಿ ತಂಡದವನು ಎಡಗಡೆಯ ಗೆರೆಯ ಗುಂಟ ಉದ್ದದ ಪಾಸ್ ಎಸೆದ. ನಮ್ಮ ಇಪ್ಪತ್ತೊಂದು ಮೇಲಕ್ಕೆ ಹಾರಿ, ಬಲಗೈ ಚಾಚಿ, ಬೆರಳ ತುದಿಯಿಂದ ಚೆಂಡನ್ನು ಆಚೆ ತಳ್ಳಿದ. ಇಡೀ ಸ್ಟೇಡಿಯಂ ಎದ್ದು ನಿಂತಿತು. ಅವನ ತೋಳಿಗೆ ಹತ್ತಿದ್ದ ಹುಲ್ಲಿನ ಹಸಿರು ಕಲೆ ಕೂಡ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಸಂಜೆ ಇಮ್ತಿಯಾಜ್ ಮನೆಯಲ್ಲಿ ಚಹಾ ಕುಡಿಯುತ್ತ ಇದನ್ನೇ ವರ್ಣಿಸುತ್ತಿದ್ದೆ. ಸನಾ ರಿಮೋಟ್ ತೆಗೆದುಕೊಂಡು ಟಿವಿಯಲ್ಲಿ ಅದೇ ಆಟವನ್ನು ಹಾಕಿದಳು.

ಇಪ್ಪತ್ತೊಂದು ನೆಲದ ಮೇಲೆ ಬಿದ್ದಿದ್ದ. ಕಾಲು ಜಾರಿ, ಅಂಗಾತ. ಚೆಂಡನ್ನು ಕೆಡವಿದವನು ಏಳನೇ ನಂಬರಿನವನು. ಮೈದಾನದ ನಡುವಿನಿಂದ ಅಡ್ಡಕ್ಕೆ ಓಡಿ ಬಂದು, ಬಿದ್ದವನನ್ನು ದಾಟಿ ಹಾರಿದ್ದ. ಅವನ ತೋಳಿನಲ್ಲಿ ಯಾವ ಕಲೆಯೂ ಇರಲಿಲ್ಲ.

"ಅಂಕಲ್, ಟ್ವೆಂಟಿ ಒನ್ ವಾಸ್ ಆನ್ ಹಿಸ್ ಬ್ಯಾಕ್" ಎಂದಳು ಸನಾ, ಆದಷ್ಟು ಮೆತ್ತಗೆ.

"ಇನ್ನೊಂದು ಸಲ ಹಾಕಮ್ಮ" ಎಂದೆ. ಹಾಕಿದಳು. ಎರಡನೇ ಸಲವೂ ಬಿದ್ದೇ ಇದ್ದ.

ಕಲೆ ಸುಳ್ಳಲ್ಲ, ಗಮನಿಸಿ. ಎದ್ದು ನಿಂತಾಗ ಇಪ್ಪತ್ತೊಂದರ ತೋಳಿನಲ್ಲಿ ಅದು ಇತ್ತು. ಬಿದ್ದದ್ದಕ್ಕೆ ಆದ ಕಲೆಯನ್ನು ನನ್ನ ತಲೆ ಹಾರಿದ್ದಕ್ಕೆ ಅಂಟಿಸಿತ್ತು, ಅಷ್ಟೆ. ಸುಳ್ಳು ಹೇಳುವವರು ಇಷ್ಟು ಚೆನ್ನಾಗಿ ಸಾಕ್ಷಿ ಒದಗಿಸುತ್ತಾರೆಯೇ?

ಸೋಫಾದ ಆ ತುದಿಯಲ್ಲಿ ಕೂತಿದ್ದ ನನ್ನ ಹೆಂಡತಿ ಶೈಲಾ ನನ್ನತ್ತ ನೋಡಲಿಲ್ಲ. ನೋಡದೇ ಇರುವುದಕ್ಕೆ ಅವಳಿಗೆ ಕಾರಣವಿದೆ. ಯುಗಾದಿಯಿಂದ ಅವಳು ಒಂದೇ ಮಾತು ಹೇಳುತ್ತಿದ್ದಾಳೆ: ಒಂದು ಸಲ ಡಾಕ್ಟರ ಹತ್ತಿರ ಹೋಗಿ ನೆನಪಿನ ಪರೀಕ್ಷೆ ಮಾಡಿಸಿಕೊಂಡು ಬನ್ನಿ. ಹಾಸನದಲ್ಲಿರುವ ನನ್ನ ಅಣ್ಣ ಹೋದ ವರ್ಷದಿಂದ ಫೋನಿನಲ್ಲಿ ನನ್ನನ್ನು 'ನೀವು' ಎನ್ನುತ್ತಾನೆ. ಹುಟ್ಟಿದಾಗಿನಿಂದ 'ಲೋ' ಎಂದವನು. ಈಗ ಬಹಳ ಮರ್ಯಾದೆಯಿಂದ "ಚೆನ್ನಾಗಿದ್ದೀರಾ? ಊಟ ಆಯ್ತಾ?" ಎಂದು ಕೇಳಿ ಫೋನನ್ನು ಅತ್ತಿಗೆಯ ಕೈಗೆ ಕೊಡುತ್ತಾನೆ. ಅವನಿಗೂ ನನಗೂ ಆರು ವರ್ಷದ ಅಂತರ.

ಅದಿರಲಿ. ಇಮ್ತಿಯಾಜ್ ಮನೆಯ ಮಾತಿಗೆ ಬರುತ್ತೇನೆ.

"ಯಾರು ಹೊಡದ್ರ ಏನ್ರೀ ಸರ, ಬಾಲ್ ಬಿತ್ತಿಲ್ಲೊ?" ಎಂದರು ಅವರು, ನನ್ನ ಮುಖ ನೋಡಿ ಮಾತು ತಿರುಗಿಸುತ್ತ. "ನಮ್ಮ ಪಾಸ್ ಡಿಫೆನ್ಸ್ ಅಂದ್ರ ಹಂಗ ಐತ್ರಿ, ಕ್ವಾಟಿ ಗ್ವಾಡಿ ಇದ್ದಂಗ. ಈ ಸೀಸನ್ನಿನ್ಯಾಗ ನಮ್ಮ ಮ್ಯಾಲ ಪಾಸ್ ಎಸದು ಮುಂದ ಹೋದಾವ್ರ ಕಡಿಮಿ. ಬೇಕಿದ್ರ ನಂಬರ್ ನೋಡ್ರಿ."

"ಮತ್ತೆ ಇವತ್ತು ಸೋತಿದ್ದು ಯಾಕೆ?"

"ಅದು ಬ್ಯಾರೆ ವಿಷಯ ಬಿಡ್ರಿ."

ಬೇರೆ ವಿಷಯವೇ? ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮಾಡಿದವನ ಮುಂದೆ ಇಂಥ ಮಾತು ಆಡಬಾರದು. ಅವಮಾನ ಮರೆಯಲು ನನಗೂ ಒಂದು ವಾದ ಬೇಕಿತ್ತು. ಶುರು ಮಾಡಿದೆ.

ಈ ಆಟದಲ್ಲಿ ಮುಂದೆ ಸಾಗಲು ಮುಖ್ಯವಾಗಿ ಎರಡು ದಾರಿ. ಚೆಂಡನ್ನು ಹಿಡಿದುಕೊಂಡು ಓಡುವುದು, ಅಥವಾ ಮುಂದಿರುವ ಜೊತೆಗಾರನಿಗೆ ಎಸೆಯುವುದು. ಎಸೆತವನ್ನು ತಡೆಯುವುದಕ್ಕೆ ಪಾಸ್ ಡಿಫೆನ್ಸ್ ಎಂದು ಹೆಸರು. ನಮ್ಮ ತಂಡ ಓಡುವವರನ್ನು ತಡೆಯುವುದರಲ್ಲಿ ಜರಡಿ. ಆ ದಿನ ಎದುರಾಳಿಗಳು ಬೆಳಗಿನ ವಾಕಿಂಗಿಗೆ ಬಂದವರ ಹಾಗೆ ನಡುವಿನಲ್ಲೇ ಸಾಗಿ ಹೋದರು. ಬಾಗಿಲು ತೆರೆದಿರುವಾಗ ಯಾರಾದರೂ ಗೋಡೆ ಹಾರುತ್ತಾರೆಯೇ? ಹೆಚ್ಚು ಎಸೆಯಲೇ ಇಲ್ಲ, ಆದ್ದರಿಂದ ತಡೆದ ಹಾಗೆ ಕಾಣುತ್ತದೆ. ಎಷ್ಟು ಗಜ ಬಿಟ್ಟುಕೊಟ್ಟರು ಎನ್ನುವ ಮೊದಲು ಎಷ್ಟು ಸಲ ಎಸೆದರು ಎಂದು ಕೇಳಬೇಕು. ಇನ್ನೂ ಒಂದಿದೆ. ಎಸೆದ ಚೆಂಡು ಎದುರಾಳಿ ಹುಡುಗನ ಕೈಗೆ ನೇರವಾಗಿ ಬಂದು, ಅವನೇ ಜಾರಿಸಿಬಿಟ್ಟರೂ, ಆ ಲಾಭ ನಿಮ್ಮ ಡಿಫೆನ್ಸಿಗೇ ಸೇರುತ್ತದೆ. ನೀವೇನೂ ಮಾಡಿರುವುದಿಲ್ಲ.

"ಅಬ್ಬಾ, ಹಿ ಈಸ್ ರೈಟ್. ದೇ ಡಿಡ್‌ನಾಟ್ ಹ್ಯಾವ್ ಟು ಥ್ರೋ" ಎಂದಳು ಸನಾ, ಅಪ್ಪನ ಕಡೆ ತಿರುಗಿ.

"ನೀ ಯಾರ ಪಾರ್ಟಿ ಬೇಟಾ?" ಎಂದರು ಇಮ್ತಿಯಾಜ್. ಆಮೇಲೆ ನನ್ನ ಕಡೆ ತಿರುಗಿ, "ಸರ, ನಿಮಗ ಸಂಶಯ ಪಡೂದ ಒಂದು ಉದ್ಯೋಗ ಆಗೇತಿ. ದ್ವಾಸಿ ತೆಳ್ಳಗ ಬಂದ್ರ ಹಿಟ್ಟು ಉಳಸ್ಯಾರ ಅಂತೀರಿ."

ವಾದ ಗೆದ್ದೆ. ಗೆದ್ದ ಖುಷಿಯಲ್ಲೇ ಕಾರು ಹತ್ತಿದೆ. ಶೈಲಾ ಓಡಿಸುತ್ತಿದ್ದಳು. (ಈಚೆಗೆ ಅವಳೇ ಓಡಿಸುತ್ತಾಳೆ. ಯಾವಾಗಿನಿಂದ ಎಂದು ನೆನಪಿಲ್ಲ.)

ಫ್ರೀವೇ ಸೇರಿದ ಮೇಲೆ ನಾನೇ ಮಾತು ತೆಗೆದೆ. "ನಂಬರು ತಪ್ಪಾಗಿದ್ದಕ್ಕೆ ಡಾಕ್ಟರು ಅಂತ ಶುರು ಮಾಡಬೇಡ. ಅಷ್ಟು ದೂರದಿಂದ ಯಾರಿಗಾದರೂ ತಪ್ಪುತ್ತೆ."

"ನಾನು ಏನೂ ಅಂದಿಲ್ಲವಲ್ಲ."

"ಒಂದು ವರ್ಷದಲ್ಲಿ ಯಾರಾದರೂ ನನ್ನ ಏನಾದರೂ ಕೇಳಿ, ನಾನು ನೆನಪಾಗದೆ ನಿಂತಿದ್ದು ಒಂದು ಉದಾಹರಣೆ ಕೊಡು. ಒಂದೇ ಒಂದು."

ಅವಳು ಯೋಚಿಸಿದಳು. "ಇಲ್ಲ" ಎಂದಳು.

ನೋಡಿ, ನನ್ನ ದಾಖಲೆ ಎಷ್ಟು ಶುದ್ಧ. ಸೀಟಿಗೆ ಒರಗಿ ಕೂತೆ. ಡಂಬಾರ್ಟನ್ ಸೇತುವೆಯ ಮೇಲೆ ಬರುವವರೆಗೆ ಸುಖವಾಗಿಯೇ ಇದ್ದೆ. ಸೇತುವೆಯ ನಡುವೆ, ಎರಡೂ ಕಡೆ ನೀರು ಬೂದಿ ಬಣ್ಣಕ್ಕೆ ತಿರುಗುತ್ತಿದ್ದಾಗ, ನಾನು ಇಮ್ತಿಯಾಜ್‌ಗೆ ಹೇಳಿದ ಮಾತು ನನ್ನ ಬಳಿಗೇ ಬಂತು.

ಎಷ್ಟು ಸಲ ಎಸೆದರು ಎಂದು ಮೊದಲು ಕೇಳಬೇಕು.

ನಮ್ಮ ಜನರ ಒಂದು ಅಭ್ಯಾಸ ನಿಮಗೆ ಗೊತ್ತೇ ಇದೆ. ಮದುವೆಯಿರಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಇರಲಿ, ಎದುರು ಬಂದು ನಿಂತು ನಗುತ್ತಾರೆ. "ನಾನ್ಯಾರು ಗೊತ್ತಾಯ್ತಾ?" ಅಮೆರಿಕದವರು ಮೊದಲು ತಮ್ಮ ಹೆಸರು ಹೇಳಿ ಆಮೇಲೆ ಕೈ ಕೊಡುತ್ತಾರೆ. ನಾವು ಪರೀಕ್ಷೆ ಇಟ್ಟು ಆಮೇಲೆ ಕ್ಷೇಮ ವಿಚಾರಿಸುತ್ತೇವೆ. ಇದಕ್ಕಿಂತ ಉದ್ದದ ಪಾಸ್ ಇದೆಯೇ? ನಾನು ಅಂಥವನ್ನು ಹತ್ತಾರು ಸಲ ಎದುರಿಸಿದ್ದೇನೆ ಎಂದುಕೊಂಡಿದ್ದೆ. ಈಗ ಒಂದೊಂದನ್ನೇ ಮತ್ತೆ ಹಾಕಿ ನೋಡಿದೆ.

ಹೋದ ದೀಪಾವಳಿಯ ಪಾಟ್‌ಲಕ್. ಹಸಿರು ಸೀರೆಯ ಹೆಂಗಸೊಬ್ಬರು ನನ್ನೆದುರು ಬಂದು "ಗೊತ್ತಾಯ್ತಾ..." ಎನ್ನುವಷ್ಟರಲ್ಲಿ ಪಕ್ಕದಿಂದ ಶೈಲಾಳ ದನಿ: "ಗೊತ್ತಾಗದೆ ಏನು ಪದ್ಮಿನಿ, ನಿಮ್ಮ ಮಂಡ್ಯದ ಮನೆ ಒಬ್ಬಟ್ಟನ್ನ ಇವರು ಇನ್ನೂ ನೆನೆಸ್ಕೋತಾರೆ." ನಾನು ತಕ್ಷಣ ಒಬ್ಬಟ್ಟಿನ ಬಗ್ಗೆ ಎರಡು ಮಾತಾಡಿದೆ. ಅದಕ್ಕೂ ಹಿಂದೆ ಒಂದು ಹುಟ್ಟುಹಬ್ಬ. ಅಲ್ಲೂ ಅವಳೇ. ಗ್ರೋಸರಿ ಅಂಗಡಿಯಲ್ಲಿ, ಪಾರ್ಕಿಂಗ್ ಲಾಟಿನಲ್ಲಿ, ಎಲ್ಲೆಡೆ ಮೈದಾನದ ನಡುವಿನಿಂದ ಅಡ್ಡಕ್ಕೆ ಓಡಿ ಬರುತ್ತಿದ್ದವಳು ಅವಳು. ನನ್ನ ನೆನಪಿನಲ್ಲಿ ಮಾತ್ರ ಹಾರಿದವನು ನಾನು.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಏನು ಎಷ್ಟು ದಿನದಿಂದ?"

"ನನಗಿಂತ ಮುಂಚೆ ಹೆಸರು ಹೇಳೋದು."

ಅವಳು ಲೇನ್ ಬದಲಿಸಿದಳು. ಕನ್ನಡಿ ನೋಡಿಕೊಂಡಳು. "ಎರಡು ವರ್ಷ ಆಗಿರಬಹುದು."

"ಯಾಕೆ?"

"ಇನ್ನೇನು ಮಾಡಲಿ? ಅವರು ಕಾಯ್ತಾ ನಿಂತಿರ್ತಾರೆ, ನೀವು ನಗ್ತಾ ನಿಂತಿರ್ತೀರ. ಅದನ್ನ ನೋಡ್ತಾ ನಿಂತ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ."

ಮನೆ ಸೇರಿದ ಮೇಲೆ ಒಂದು ಒಪ್ಪಂದ ಮಾಡಿಕೊಂಡೆವು. ಮುಂದಿನ ಭಾನುವಾರ ಕ್ಯುಪರ್ಟಿನೋದಲ್ಲಿ ಒಂದು ನಾಮಕರಣವಿತ್ತು. ಅಲ್ಲಿ ಅವಳು ಬಾಯಿ ಬಿಡಬಾರದು. ಬಂದ ಪಾಸುಗಳನ್ನು ನಾನೊಬ್ಬನೇ ಎದುರಿಸಬೇಕು. ಒಂದೇ ಒಂದು ತಪ್ಪಿದರೂ ಡಾಕ್ಟರು. ತಪ್ಪದಿದ್ದರೆ ಆ ಮಾತು ಮತ್ತೆ ಎತ್ತುವಂತಿಲ್ಲ.

ಭಾನುವಾರ ಹೋದೆವು. ತೊಟ್ಟಿಲಿಗೆ ಹೂವು, ಮಗುವಿನ ಕಿವಿಯಲ್ಲಿ ಹೆಸರು ಹೇಳಲು ಸಾಲು. (ಮಗುವಿನ ಹೆಸರು ಆರುಷ್. ಅಥವಾ ಆರವ್. ಇದಕ್ಕೆ ನನ್ನ ವಯಸ್ಸನ್ನು ದೂರಬೇಡಿ.) ಊಟದ ತಟ್ಟೆ ಹಿಡಿದು ನಿಂತಿದ್ದಾಗ ಬೂದು ಕೋಟಿನ ಒಬ್ಬರು ನೇರ ನನ್ನ ಕಡೆ ಬಂದರು. ನಲವತ್ತರ ಆಸುಪಾಸು, ಹಾಸನದ ಮಾತು.

"ಗುರುತು ಸಿಕ್ತಾ ಸಾ?"

ಶೈಲಾ ತೊಟ್ಟಿಲಿನ ಕಡೆ ತಿರುಗಿದಳು. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಕಡೆಗೇ ಎಸೆದ ಚೆಂಡು. ಆ ಮುಖ ಗೊತ್ತಿತ್ತು. ಆ ಮೂಗು ಗೊತ್ತಿತ್ತು. ಎಲ್ಲಿ?

"ನಾಗೇಂದ್ರ ಅಲ್ವಾ?" ಎಂದೆ. "ರೆಡ್‌ವುಡ್ ಸಿಟಿ ಆಫೀಸಲ್ಲಿ ನಮ್ಮ ಮೇಲಿನ ಫ್ಲೋರು."

ಅವರು ಒಂದು ಕ್ಷಣ ನನ್ನನ್ನೇ ನೋಡಿ ನಕ್ಕರು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಪರ್ವಾಗಿಲ್ಲ ಸಾ, ನೆನಪಿಟ್ಕಂಡಿದೀರಲ್ಲ, ಅದೇ ದೊಡ್ಡದು."

ಹತ್ತು ನಿಮಿಷ ಮಾತಾಡಿದೆವು. ಮಕ್ಕಳ ಸ್ಕೂಲು, ಮನೆ ಬೆಲೆ, ಊರಿನ ಮಳೆ. "ಅಣ್ಣನೂ ನಿಮ್ಮನ್ನ ಬಾಳ ನೆನೆಸ್ಕತಾನೆ ಸಾ" ಎಂದರು. "ಹೌದಾ, ನಿಮ್ಮಣ್ಣ ಹೇಗಿದಾರೆ?" ಎಂದೆ ನಾನು, ಧಾರಾಳವಾಗಿ.

ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಹಾಕಿಕೊಳ್ಳುವ ಮೊದಲೇ ಕೇಳಿದೆ. "ಏನಂತೀಯ ಈಗ?"

ಶೈಲಾ ಮೊದಲ ಸಿಗ್ನಲ್ಲಿನವರೆಗೆ ಓಡಿಸಿದಳು. ಕೆಂಪು ದೀಪ ಬಿತ್ತು.

"ಅವರು ಮಂಜುನಾಥ. ನಿಮ್ಮ ಆಫೀಸಲ್ಲಿದ್ದ ನಾಗೇಂದ್ರನ ತಮ್ಮ."

"ಅಲ್ಲ ಅಂತ ಅವರು ಹೇಳಲಿಲ್ಲವಲ್ಲ."

"ಹೇಗೆ ಹೇಳ್ತಾರೆ ರೀ? ನೀವು ಹಿರಿಯರು, ಅಷ್ಟು ಖುಷಿಯಾಗಿ ಹೆಸರು ಹೇಳಿದ್ದೀರ, ಸುತ್ತ ಜನ ಬೇರೆ. ಪಾಪ, ಸುಮ್ಮನಾದರು."

ಹಸಿರು ದೀಪ ಬಂತು. ಹಿಂದಿನ ಕಾರಿನವನು ಹಾರ್ನ್ ಹೊಡೆದ ಮೇಲೆ ಹೊರಟೆವು.

ಅಂದರೆ ಚೆಂಡು ಅವರ ಕೈಗೇ ನೇರವಾಗಿ ಹೋಗಿತ್ತು. ಸಭ್ಯತೆಯಿಂದ ಅವರೇ ಜಾರಿಸಿದ್ದರು. ನಾನು ಅಂಗಾತ ಬಿದ್ದಿದ್ದವನು, ಚಪ್ಪಾಳೆ ನನಗೇ ಎಂದುಕೊಂಡು ಎದ್ದು ಕೈ ಬೀಸಿದ್ದೆ.

(ಕೋಟು ಬೂದು ಬಣ್ಣದ್ದಲ್ಲ, ಕಡು ನೀಲಿ ಎಂದು ಶೈಲಾ ಹೇಳುತ್ತಾಳೆ. ಬೂದು ಎಂದೇ ಬಿಟ್ಟಿದ್ದೇನೆ. ಈ ವಾರದ ಬರಹವನ್ನು ಅವಳು ತಿದ್ದಬಾರದು ಎಂದು ಕೇಳಿಕೊಂಡಿದ್ದೇನೆ. ಇದುವರೆಗಿನವನ್ನು ತಿದ್ದುತ್ತಿದ್ದಳು ಎಂಬುದು ನನಗೂ ಮೊನ್ನೆ ತಿಳಿಯಿತು.)

ಡಾಕ್ಟರ ಅಪಾಯಿಂಟ್‌ಮೆಂಟ್ ಬರುವ ಗುರುವಾರಕ್ಕೆ ಸಿಕ್ಕಿದೆ. ಕೆಲವು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾರಂತೆ. ಶೈಲಾ ಒಬ್ಬ ಕನ್ನಡದ ಡಾಕ್ಟರ ಹೆಸರು ಹೇಳಿದಳು. ಬಹಳ ಒಳ್ಳೆಯವರಂತೆ, ನಮ್ಮ ಕಡೆಯವರಂತೆ. ಅದಕ್ಕೇ ಬೇಡ ಎಂದೆ. ಒಳಗೆ ನಾನೂ ಬರುತ್ತೇನೆ ಎಂದಳು. ಹೊರಗೆ ಕೂತಿರು ಎಂದೆ. ಇಮ್ತಿಯಾಜ್‌ಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವರು, "ಸರ, ಏಳು ನಂಬರಿನಾಂವನ್ನ ಬೆಂಚಿನ ಮ್ಯಾಲ ಕುಂಡ್ರಸಿ ಮ್ಯಾಚ್ ಆಡಾಕತ್ತೀರಿ, ನೋಡ್ಕೋರಿ" ಎಂದರು.

ಆಡಿ ನೋಡಲೇಬೇಕು. ಗಜ ಎಷ್ಟಾದರೂ ಹೋಗಲಿ, ಈ ಸಲದ ಲೆಕ್ಕ ನನ್ನದಾಗಿರಲಿ.

ಹನ್ನೊಂದು ವರ್ಷದಿಂದ ಈ ಅಂಕಣವನ್ನು ನಾನು ನೆನಪಿನಿಂದಲೇ ಬರೆಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಬ್ಬರೂ 'ಇದು ತಪ್ಪು' ಎಂದು ಬರೆದಿಲ್ಲ. ನೀವು ಸುಮ್ಮನಿದ್ದದ್ದು ನಾನು ಸರಿಯಾಗಿ ಬರೆದೆ ಎಂದೋ, ಅಥವಾ ಪಾಪ ಎಂದೋ?